ಕನ್ನಡಿ ಮನೆಗೆ ಏಳು ನಿಮಿಷ

ಮನರಂಜನಾ ಪಾರ್ಕು ನೋಡಲು ಗೈಡ್ ಇಟ್ಟುಕೊಳ್ಳುವವರು ಸ್ವಂತ ಅಡುಗೆಮನೆಗೂ ನಕ್ಷೆ ಹಿಡಿದುಕೊಂಡು ಹೋಗುವಂಥವರು ಎಂಬುದು ಗುಮಾಸ್ತರ ಅಭಿಪ್ರಾಯವಾಗಿತ್ತು. ಆ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ಆದರೂ ಅವರು ಮೂರು ದಿನ ಊಟಕ್ಕೆ ಕೂತಾಗಲೆಲ್ಲ ಎಲ್ಲರಿಗೂ ಅದನ್ನೇ ಬಡಿಸಿದರು.

ಗುಮಾಸ್ತರು ಸಾಮಾನ್ಯರಲ್ಲ. ಬಸ್ ಡಿಪೋದಲ್ಲಿ ಮೂವತ್ತನಾಲ್ಕು ವರ್ಷ ಡ್ಯೂಟಿ ಚಾರ್ಟು ಬರೆದವರು. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು, ಅದಕ್ಕೆ ಯಾವ ಡ್ರೈವರ್, ಯಾವ ಕಂಡಕ್ಟರ್ ಎಂಬುದೆಲ್ಲ ಅವರ ಪೆನ್ಸಿಲ್ಲಿನ ಮೊನೆಯಲ್ಲಿತ್ತು. ಮುನ್ನೂರು ಜನರ ನಿದ್ದೆ, ಊಟ, ರಜೆ ಎಲ್ಲವೂ ಆ ಮೊನೆಯ ಕೆಳಗೆ ಮುದುರಿ ಕೂತಿರುತ್ತಿದ್ದವು. ನಿವೃತ್ತಿಯಾದ ಮೇಲೆ ಆ ಸಾಮ್ರಾಜ್ಯ ಕುಗ್ಗಿ ಹೆಂಡತಿ ಮತ್ತು ಮೊಮ್ಮಗಳ ಮಟ್ಟಕ್ಕೆ ಇಳಿದಿತ್ತು. ಅದರಲ್ಲಿ ಹೆಂಡತಿ ಚಾರ್ಟು ಓದುತ್ತಿರಲಿಲ್ಲ.

“ನೂರಾ ಹನ್ನೆರಡು ಬಸ್ಸು ಓಡಿಸಿದವನಿಗೆ ಹನ್ನೆರಡು ಆಟ ಆಡಿಸೋಕೆ ಗೈಡ್ ಬೇಕಾ?” ಎಂದರು ಗುಮಾಸ್ತರು.

“ಬಸ್ಸು ನೀವೆಲ್ಲಿ ಓಡಿಸಿದ್ರಿ? ಕುರ್ಚಿ ಮೇಲೆ ಕೂತಿದ್ರಿ” ಎಂದರು ಹೆಂಡತಿ.

ವಿಷಯ ನಿಜಕ್ಕೂ ಗಂಭೀರವಾಗಿತ್ತು. ಹಿಂದಿನ ವರ್ಷ ಅದೇ ಪಾರ್ಕಿನ ರೋಲರ್ ಕೋಸ್ಟರ್ ಬಾಗಿಲಲ್ಲಿ ನಿಂತಿದ್ದ ಮರದ ಜಿರಾಫೆ ಮೊಮ್ಮಗಳನ್ನು ವಾಪಸು ಕಳಿಸಿತ್ತು. ಜಿರಾಫೆಯ ಕತ್ತಿನ ಮೇಲಿದ್ದ ಕೆಂಪು ಗೆರೆಗೆ ಅವಳ ನೆತ್ತಿ ಎರಡು ಬೆರಳು ಕಡಿಮೆ ಬಿದ್ದಿತ್ತು. ಹುಡುಗಿ ಅಳಲಿಲ್ಲ. ಮನೆಗೆ ಬಂದು ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ ತಾತನಿಂದ ಅಷ್ಟೇ ಎತ್ತರಕ್ಕೊಂದು ಗೆರೆ ಎಳೆಸಿಕೊಂಡಳು. ವರ್ಷವಿಡೀ ಮೂಗು ಮುಚ್ಚಿಕೊಂಡು ಹಾಲು ಕುಡಿದಳು, ಕಿಟಕಿಯ ಸರಳಿಗೆ ಜೋತುಬಿದ್ದಳು, ಮೊನ್ನೆ ತಾನೇ ಗೆರೆ ದಾಟಿದ್ದಳು. ಆದರೆ ಮಕ್ಕಳ ಪಕ್ಕದಲ್ಲಿ ದೊಡ್ಡವರೊಬ್ಬರು ಕೂರಲೇಬೇಕೆಂದು ನಿಯಮ. ಅಜ್ಜಿಗೆ ಬೆನ್ನುನೋವು. ‘ನಾನಿದ್ದೀನಲ್ಲ’ ಎಂದು ಮಾತು ಕೊಟ್ಟವರು ತಾತ. ಸ್ಟೂಲು ಹತ್ತಿ ಬಲ್ಬು ಬದಲಿಸುವಾಗಲೂ ಅವರಿಗೆ ತಲೆ ತಿರುಗುತ್ತದೆ ಎಂಬ ಗುಟ್ಟು ಮನೆಯಿಂದಾಚೆ ಹೋಗಿರಲಿಲ್ಲ.

ಗುಮಾಸ್ತರು ಎರಡು ಸಂಜೆ ಕೂತು ಚಾರ್ಟು ತಯಾರಿಸಿದರು. ತಿರುಗುವ ಟೀ ಕಪ್ಪುಗಳು, ಒಂಬತ್ತು ಹತ್ತು. ಪುಟಾಣಿ ರೈಲು, ಒಂಬತ್ತೂವರೆ. ಕನ್ನಡಿ ಮನೆ, ಹತ್ತು ಐದು, ಅವಧಿ ಏಳು ನಿಮಿಷ. ಹೀಗೆ ಸಾಗಿ ರೋಲರ್ ಕೋಸ್ಟರ್ ಕಟ್ಟಕಡೆಗಿತ್ತು. ಅದು ಪಾರ್ಕಿನ ಆ ತುದಿಯಲ್ಲಿದೆ, ಹಾಗಾಗಿ ಕೊನೆಯ ಸ್ಟಾಪು ಎಂದು ವಿವರಣೆ ಕೊಟ್ಟರು. ಹೆಂಡತಿ ಅವರ ಮುಖವನ್ನೊಮ್ಮೆ ನೋಡಿ, ಒಳಗೆ ಹೋಗಿ, ಪಾರ್ಕಿಗೆ ಫೋನ್ ಮಾಡಿ ಒಬ್ಬ ಗೈಡನ್ನು ಗೊತ್ತುಮಾಡಿದರು.

ಮರುದಿನ ಬೆಳಗ್ಗೆ ಗೇಟಿನ ಮುಂದೆ ಕಿತ್ತಳೆ ಬಣ್ಣದ ಟೋಪಿ ಹಾಕಿಕೊಂಡು ಗೈಡು ಕಾದಿದ್ದರು. ಕೊರಳಲ್ಲಿ ಹಿತ್ತಾಳೆಯ ಸೀಟಿ. ಗುಮಾಸ್ತರು ಮೊದಲು ಗುರುತಿಸಿದ್ದು ಸೀಟಿಯನ್ನು, ಆಮೇಲೆ ಮನುಷ್ಯನನ್ನು.

ಡಿಪೋದಲ್ಲಿ ಅವರನ್ನು ಎಲ್ಲರೂ ‘ಫಸ್ಟ್ ಬಸ್’ ಎಂದೇ ಕರೆಯುತ್ತಿದ್ದರು. ಬೆಳಗಿನ ಜಾವ ನಾಲ್ಕೂವರೆಗೆ ಹೊರಡುವ ಮೊದಲ ಬಸ್ಸಿಗೆ ಹನ್ನೊಂದು ವರ್ಷ ಅವರೇ ಕಂಡಕ್ಟರ್. ಹಾಗೆ ಬರೆದ ಪೆನ್ಸಿಲ್ಲು ಗುಮಾಸ್ತರದು. ಡ್ಯೂಟಿ ಬದಲಿಸಿ ಎಂದು ಕಂಡಕ್ಟರ್ ಆಫೀಸಿನ ಕಿಟಕಿಗೆ ಮೂರು ಸಲ ಬಂದಿದ್ದರು. ಮಗು ಹುಟ್ಟಿದಾಗ ಒಮ್ಮೆ, ಅದನ್ನು ಸ್ಕೂಲಿಗೆ ಸೇರಿಸಿದಾಗ ಇನ್ನೊಮ್ಮೆ. ಮೂರನೇ ಸಲ ಕಾರಣವನ್ನೂ ಹೇಳದೆ ಸುಮ್ಮನೆ ನಿಂತಿದ್ದರು. ಮೂರು ಸಲವೂ ಗುಮಾಸ್ತರು ತಲೆಯೆತ್ತದೆ ‘ನೋಡೋಣ’ ಎಂದಿದ್ದರು.

“ಬನ್ನಿ ಸಾರ್” ಎಂದರು ಕಂಡಕ್ಟರ್. ಮುಖದಲ್ಲಿ ಏನೂ ಇರಲಿಲ್ಲ. ಟಿಕೆಟ್ ಕೊಡುವಾಗ ಇರುತ್ತಿದ್ದ ಮುಖವೇ ಅದು. ಆಮೇಲೆ ಬಗ್ಗಿ ಮೊಮ್ಮಗಳಿಗೆ ಸೀಟಿಯ ನಿಯಮ ಹೇಳಿಕೊಟ್ಟರು: ಒಂದು ಸಲ ಊದಿದರೆ ನಿಲ್ಲು, ಎರಡು ಸಲ ಊದಿದರೆ ಹೊರಡು.

ರಿಪೇರಿ ಕೆಲಸವಿರುವುದರಿಂದ ರೋಲರ್ ಕೋಸ್ಟರನ್ನು ಹನ್ನೆರಡಕ್ಕೆ ನಿಲ್ಲಿಸುತ್ತಾರೆ, ಇವತ್ತು ಮತ್ತೆ ಓಡಿಸುವುದಿಲ್ಲ, ಮೊದಲು ಅಲ್ಲಿಗೇ ಹೋಗಿಬಿಡೋಣ ಎಂದು ಕಂಡಕ್ಟರ್ ಸೂಚಿಸಿದರು. ಗುಮಾಸ್ತರು ಚಾರ್ಟನ್ನು ಎದೆಗವಚಿಕೊಂಡರು.

“ಮೊದಲನೇ ಸ್ಟಾಪು ಬಿಟ್ಟು ಕೊನೇ ಸ್ಟಾಪಿಗೆ ಹೋಗೋ ಬಸ್ಸು ಎಲ್ಲಾದರೂ ಇದೆಯೇನ್ರೀ? ನನ್ನ ಚಾರ್ಟಿನ ಪ್ರಕಾರ ಹನ್ನೊಂದೂವರೆಗೆ ಅಲ್ಲಿರ್ತೀವಿ.”

“ನೋಡೋಣ ಸಾರ್” ಎಂದರು ಕಂಡಕ್ಟರ್.

ತಿರುಗುವ ಕಪ್ಪಿನಿಂದ ಇಳಿದಾಗ ಗುಮಾಸ್ತರು ನೇರವಾಗಿ ನಡೆದುಹೋಗಿ ಬೇರೆ ಯಾರದೋ ಸಂಸಾರದ ಜೊತೆ ನಿಂತರು. ಪುಟಾಣಿ ರೈಲು ನಾಲ್ಕು ನಿಮಿಷ ತಡವಾಗಿ ಹೊರಟಿತು. ಅವರು ಅದರ ಚಾಲಕನ ಹೆಸರು ಕೇಳಿ ಬರೆದುಕೊಂಡರು, ಯಾರಿಗೆ ದೂರು ಕೊಡಬೇಕೆಂದು ಮಾತ್ರ ತಿಳಿಯಲಿಲ್ಲ. ಕನ್ನಡಿ ಮನೆಯ ಬಾಗಿಲು ಮುಟ್ಟಿದಾಗ ಗಂಟೆ ಸರಿಯಾಗಿ ಹತ್ತು ಐದು. ಗುಮಾಸ್ತರು ಗಡಿಯಾರವನ್ನು ಎಲ್ಲರಿಗೂ ತೋರಿಸಿದರು.

“ಎಡಗೈ ಗೋಡೆ ಮೇಲಿಂದ ತೆಗೀಬೇಡಿ, ತಾನಾಗಿ ಹೊರಗೆ ಬರ್ತೀರಿ” ಎಂದು ಕಂಡಕ್ಟರ್ ಎಲ್ಲರಿಗೂ ಹೇಳಿದರು. ಅಜ್ಜಿ ಮೊಮ್ಮಗಳು ಹಾಗೇ ಮಾಡಿ ಆರು ನಿಮಿಷಕ್ಕೆ ಹೊರಬಂದರು. ಗುಮಾಸ್ತರ ಎಡಗೈಯಲ್ಲಿ ಚಾರ್ಟಿತ್ತು, ಬಲಗೈಯಲ್ಲಿ ಪೆನ್ಸಿಲ್ಲಿತ್ತು. ಗೋಡೆಗೆಂದು ಬೇರೆ ಕೈ ಇರಲಿಲ್ಲ.

ಒಳಗೆ ನಲವತ್ತು ಗುಮಾಸ್ತರಿದ್ದರು. ಎಲ್ಲರ ಕೈಯಲ್ಲೂ ಚಾರ್ಟಿತ್ತು. ಒಬ್ಬರಿಗೂ ದಾರಿ ಗೊತ್ತಿರಲಿಲ್ಲ. ಮೊದಲ ಕಾಲು ಗಂಟೆ ಅವರು ಘನತೆಯಿಂದ ನಡೆದರು. ಎರಡನೇ ಕಾಲು ಗಂಟೆಯಲ್ಲಿ ಎದುರಿಗೆ ಬಂದವರೊಬ್ಬರಿಗೆ ದಾರಿ ಬಿಡಲು ಬಲಕ್ಕೆ ಸರಿದರು, ಅವರೂ ಅದೇ ಕಡೆಗೆ ಸರಿದರು. ಎಡಕ್ಕೆ ಸರಿದರು, ಅವರೂ ಸರಿದರು. ‘ಸ್ವಲ್ಪ ತಿಳುವಳಿಕೆ ಬೇಡವಾ’ ಎಂದು ಗದರಿದ ಮೇಲೆ ಆ ಮುಖ ಪರಿಚಯದ್ದು ಅನ್ನಿಸಿತು. ಒಂದು ಗಂಟೆಯಾದಾಗ ಹಣೆಯಲ್ಲಿ ಮೂರು ಬುಗುಟು ಎದ್ದಿದ್ದವು. ಒಂದೂವರೆ ಗಂಟೆಯಾದಾಗ ಗುಮಾಸ್ತರು ನೆಲದ ಮೇಲೆ ಕೂತು ಚಾರ್ಟಿನಲ್ಲಿ ‘ಏಳು ನಿಮಿಷ’ ಎಂಬುದನ್ನು ಹೊಡೆದುಹಾಕಿದರು. ನಲವತ್ತು ಜನವೂ ಹೊಡೆದುಹಾಕಿದರು. ಆಗ ಅವರಿಗೆ ಬಾಗಿಲ ಚೌಕಟ್ಟಿನ ಪೆನ್ಸಿಲ್ ಗೆರೆ ನೆನಪಾಯಿತು. ಸುತ್ತ ನೋಡಿದರೆ ನಲವತ್ತು ತಾತಂದಿರು ಮಾತಿಗೆ ತಪ್ಪಿ ಕೂತಿದ್ದರು. ಮುಖ ತಿರುಗಿಸಲು ಯಾವ ದಿಕ್ಕೂ ಉಳಿದಿರಲಿಲ್ಲ.

ಆ ಹೊತ್ತಿಗೆ ಕೇಳಿಸಿತು: ಎರಡು ಸೀಟಿ.

ಮೂವತ್ತನಾಲ್ಕು ವರ್ಷ ಡಿಪೋದಲ್ಲಿದ್ದ ಕಿವಿ ಅದು. ಕಾಲುಗಳು ತಾವೇ ಎದ್ದವು. ಮತ್ತೆ ಎರಡು ಸೀಟಿ, ಮತ್ತೆರಡು. ಗುಮಾಸ್ತರು ಕಣ್ಣು ಮುಚ್ಚಿಕೊಂಡು ಶಬ್ದದ ಜಾಡು ಹಿಡಿದು ಬಂದು, ಒಳಹೋದ ಬಾಗಿಲಿನಿಂದಲೇ ಹೊರಬಿದ್ದರು. ಹೊರಗೆ ಕಂಡಕ್ಟರ್ ಒಬ್ಬರೇ ಇದ್ದರು. ಅವರು ಅಜ್ಜಿಯನ್ನೂ ಮೊಮ್ಮಗಳನ್ನೂ ಅಷ್ಟು ದೂರ ಕರೆದೊಯ್ದು ರೋಲರ್ ಕೋಸ್ಟರಿನ ಸಾಲಿನಲ್ಲಿ ನಿಲ್ಲಿಸಿ, ತಾತನಿಗಾಗಿ ವಾಪಸು ಬಂದಿದ್ದರು.

“ಹನ್ನೊಂದು ನಲವತ್ತೆಂಟು ಸಾರ್” ಎಂದರು.

ಇಬ್ಬರು ನಿವೃತ್ತರು ಪಾರ್ಕಿನ ಉದ್ದಕ್ಕೂ ಓಡಿದರು. ದೂರದಿಂದಲೇ ಎಲ್ಲ ಕಾಣುತ್ತಿತ್ತು. ಮೊಮ್ಮಗಳು ಸಾಲಿನ ತಲೆಯಲ್ಲಿ ಜಿರಾಫೆಯ ಕಾಲು ತಬ್ಬಿಕೊಂಡು ನಿಂತು, ಬಂದವರನ್ನೆಲ್ಲ ‘ನೀವು ಹೋಗಿ, ನಮ್ಮ ತಾತ ಬರಬೇಕು’ ಎಂದು ಮುಂದೆ ಬಿಡುತ್ತಿದ್ದಳು. ಈಗ ಅವಳ ಹಿಂದೆ ಯಾರೂ ಉಳಿದಿರಲಿಲ್ಲ. ಕಡೆಯ ಸರದಿ. ಆಪರೇಟರ್ ಕೈ ಗುಂಡಿಯ ಕಡೆಗೆ ಹೋಗಿತ್ತು.

ಕಂಡಕ್ಟರ್ ಉಸಿರೆಳೆದುಕೊಂಡು ಒಂದೇ ಒಂದು ಸೀಟಿ ಊದಿದರು, ಉದ್ದಕ್ಕೆ. ಆಪರೇಟರ್ ಕೈ ಗಾಳಿಯಲ್ಲೇ ನಿಂತಿತು. ಇಡೀ ಪಾರ್ಕೇ ನಿಂತಿತು. ಪುಟಾಣಿ ರೈಲು ಕೂಡ ನಿಂತಿತೆಂದು ಆಮೇಲೆ ತಿಳಿಯಿತು.

“ಪ್ಯಾಸೆಂಜರ್ ಒಬ್ಬರು ಬಾಕಿ ಇದಾರೆ” ಎಂದು ಕಂಡಕ್ಟರ್ ಗುಮಾಸ್ತರನ್ನು ಮೊಮ್ಮಗಳ ಜೊತೆ ಸೀಟಿನೊಳಕ್ಕೆ ದೂಡಿ, ಅಡ್ಡಪಟ್ಟಿ ಎಳೆದು, ಎರಡು ಸೀಟಿ ಕೊಟ್ಟರು.

ಮುಂದಿನ ಮೂರು ನಿಮಿಷಗಳ ಬಗ್ಗೆ ಗುಮಾಸ್ತರು ಇವತ್ತಿಗೂ ಮಾತಾಡುವುದಿಲ್ಲ. ‘ತಾತ ನನ್ನ ಕೈ ಬಿಡಲೇ ಇಲ್ಲ’ ಎಂದು ಮೊಮ್ಮಗಳು ಸ್ಕೂಲಿನಲ್ಲೆಲ್ಲ ಹೆಮ್ಮೆಯಿಂದ ಹೇಳಿಕೊಂಡಳು. ಬೆರಳ ಗುರುತು ಎರಡು ದಿನ ಇತ್ತು.

ಇಳಿದ ಮೇಲೆ ಅವರನ್ನು ಬೆಂಚಿನ ಮೇಲೆ ಒರಗಿಸಿದರು. ಮುಖ ಸುಣ್ಣವಾಗಿತ್ತು. ಕಂಡಕ್ಟರ್ ನೀರಿನ ಬಾಟಲಿ ಹಿಡಿದುಕೊಂಡು ಪಕ್ಕದಲ್ಲಿ ಕೂತರು. ಒಂದು ಗುಟುಕು ನೀರು ಕುಡಿದು ಗುಮಾಸ್ತರು, ಆ ನಾಲ್ಕೂವರೆ ಡ್ಯೂಟಿಯನ್ನು ದ್ವೇಷದಿಂದ ಹಾಕಿದ್ದಲ್ಲ ಎಂದರು.

“ಮೊದಲನೇ ಬಸ್ಸು ಲೇಟಾದ್ರೆ ಇಡೀ ದಿನ ಲೇಟು. ಹೊತ್ತಿಗೆ ಸರಿಯಾಗಿ ಬರ್ತಿದ್ದವರು ನೀವೊಬ್ಬರೇ.”

ಕಂಡಕ್ಟರ್ ಬಾಟಲಿಯ ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ ಮುಚ್ಚಿದರು.

“ಅಂದ್ರೆ ಒಂದೇ ಒಂದು ದಿನ ಲೇಟಾಗಿ ಬಂದಿದ್ರೆ ಸಾಕಿತ್ತಾ ಸಾರ್?”

“ಸಾಕಿತ್ತು.”

“ಹನ್ನೊಂದು ವರ್ಷದಲ್ಲಿ ಯಾರಾದರೂ ಒಂದು ಮಾತು ಹೇಳಬಾರದಿತ್ತಾ” ಎಂದರು ಕಂಡಕ್ಟರ್. ಆಮೇಲೆ ನಗತೊಡಗಿದರು. ಸ್ವಲ್ಪ ಹೊತ್ತಿಗೆ ಗುಮಾಸ್ತರೂ ನಕ್ಕರು. ಅಲ್ಲಿಂದ ಮೂರು ವರ್ಷ ಪ್ರತಿ ಭಾನುವಾರ ಕಂಡಕ್ಟರ್ ಅವರ ಮನೆಗೆ ಬಂದರು. ಹತ್ತು ಗಂಟೆಗೆ ಬನ್ನಿ ಎಂದರೆ ಬೇಕೆಂದೇ ಹನ್ನೊಂದಕ್ಕೆ ಬಂದು, ‘ಬಾಕಿ ತೀರಿಸ್ತಾ ಇದೀನಿ ಸಾರ್’ ಎನ್ನುತ್ತಿದ್ದರು.

ಹೋದ ತಿಂಗಳು ಕಂಡಕ್ಟರ್ ತೀರಿಕೊಂಡರು. ಬೆಳಗಿನ ಜಾವ, ನಾಲ್ಕೂವರೆಗೆ. ಆ ಡ್ಯೂಟಿ ಹಾಕಿದವರು ಯಾರೋ ಗುಮಾಸ್ತರಿಗೆ ಗೊತ್ತಿಲ್ಲ. ಹಾಕಿದವರಿಗೂ ಅದೇ ಕಾರಣವಿದ್ದಿರಬೇಕು. ಭಾನುವಾರ ಹತ್ತರಿಂದ ಹನ್ನೊಂದರವರೆಗೆ ಗುಮಾಸ್ತರು ಈಗಲೂ ಬಾಗಿಲು ತೆರೆದೇ ಇಡುತ್ತಾರೆ. ಹನ್ನೊಂದಾದ ಮೇಲೆ ಮುಚ್ಚುವುದು ಅವರಿಗೆ ಇನ್ನೂ ಅಭ್ಯಾಸವಾಗಿಲ್ಲ.

ಮೊನ್ನೆ ಭಾನುವಾರ ಆ ತೆರೆದ ಬಾಗಿಲಿನಲ್ಲಿ ಪಕ್ಕದ ಮನೆಯಾತ ಇಣುಕಿದ. ಮಕ್ಕಳನ್ನು ಪಾರ್ಕಿಗೆ ಕರೆದೊಯ್ಯುವವನಿದ್ದ. ಗೈಡ್ ಇಟ್ಟುಕೊಂಡರೆ ಏನಾದರೂ ಪ್ರಯೋಜನವಿದೆಯೇ ಎಂದು ಕೇಳಿದ. ಗುಮಾಸ್ತರು ಗಡಿಯಾರದ ಕಡೆ ನೋಡಿ, ಹಳೆಯ ಚಾಳಿಯಂತೆ “ನೋಡೋಣ” ಎಂದರು.

ಒಳಗಿನಿಂದ ಹೆಂಡತಿಯ ದನಿ ಬಂತು.

“ಇವರ ‘ನೋಡೋಣ’ಕ್ಕೆ ಕಾಯಬೇಡಪ್ಪ. ಹನ್ನೊಂದು ವರ್ಷ ಹಿಡಿಯುತ್ತೆ. ಈಗಲೇ ಫೋನ್ ಮಾಡು.”