ಮೊದಲ ಹಾವು ಯಾವುದು ತಗೊಳ್ಳೋದು?

ಹಾವು ಕೊಳ್ಳೋಕೆ ಬರುವವರು ಹಾವನ್ನು ಅನುಮಾನದಿಂದ ನೋಡುತ್ತಾರೆ, ಅದರಲ್ಲಿ ಆಶ್ಚರ್ಯ ಇಲ್ಲ. ಆದರೆ ಹಾವು ಮಾರುವವಳನ್ನು ಅದಕ್ಕಿಂತ ಜಾಸ್ತಿ ಅನುಮಾನದಿಂದ ನೋಡುತ್ತಾರೆ ಅನ್ನೋದು ನನಗೆ ಗೊತ್ತಾಗಿದ್ದು ಆ ಕೆಲಸಕ್ಕೆ ಸೇರಿದ ಮೇಲೆ. ಎಂಬತ್ತರ ದಶಕದಲ್ಲಿ ಕೆಲವು ವರ್ಷ ನಾನು ಕ್ಯಾಂಪ್‌ಬೆಲ್ ಅನ್ನೋ ಊರಿನ ಒಂದು ಸಾಕುಪ್ರಾಣಿಗಳ ಅಂಗಡಿಯಲ್ಲಿದ್ದೆ. ನಾಯಿಮರಿ, ಗಿಳಿ, ಮೀನು ಎಲ್ಲ ಇತ್ತು. ಅವನ್ನು ತಗೊಂಡು ಹೋದವರ ಮುಖ ಒಂದೂ ನೆನಪಿಲ್ಲ. ‘ಇದು ನಮ್ಮ ಮೊದಲನೇ ಹಾವು’ ಅಂತ ಬಂದವರನ್ನು ಮಾತ್ರ ಮರೆಯೋಕೆ ಸಾಧ್ಯವೇ ಇಲ್ಲ, ಅವರು ಬಂದಾಗೆಲ್ಲ ಒಂದಲ್ಲ ಒಂದು ಆಗುತ್ತಲೇ ಇತ್ತು.

೧. ರಕ್ತದಲ್ಲೇ ಇದೆ

ನನ್ನ ಗಂಡ ಮಿಲ್ಪಿಟಾಸ್‌ನ ಒಂದು ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಇಂಜಿನಿಯರು. ಬೆಳಿಗ್ಗೆ ಕಾರು ತಗೊಂಡು ಹೋದರೆ ಬರುವುದು ಸಂಜೆ. ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಕೂತು ಬೇಜಾರಾಗಿ, ನಡೆದು ಹೋಗುವಷ್ಟು ದೂರದಲ್ಲಿದ್ದ ಈ ಅಂಗಡಿಗೆ ಕೆಲಸ ಕೇಳಿಕೊಂಡು ಹೋದೆ. ಕ್ಯಾಶ್ ರಿಜಿಸ್ಟರ್ ಮುಂದೆ ಕೂರಿಸುತ್ತಾರೆ ಅಂತ ನನ್ನ ಲೆಕ್ಕಾಚಾರ.

ಮಾಲೀಕ ಎತ್ತರದ ಆಸಾಮಿ. ಯಾರನ್ನೇ ನೋಡಿದರೂ ಇವರು ಏನೋ ಜೇಬಿಗೆ ಹಾಕಿಕೊಂಡಿದ್ದಾರೆ ಅನ್ನೋ ಹಾಗೆ ನೋಡುತ್ತಿದ್ದ. ನನ್ನನ್ನೂ ಹಾಗೇ ನೋಡಿ, “ಇಂಡಿಯಾದವಳಾ?” ಅಂದ.

“ಹೌದು, ಮೈಸೂರು.”

“ಹಾಗಾದರೆ ಹಾವಿನ ಸೆಕ್ಷನ್ನು ನಿನಗೆ.”

ನಾನು ಅಲ್ಲಿಯವರೆಗೆ ನೋಡಿದ್ದು ಮೈಸೂರು ಝೂನಲ್ಲಿ ಗಾಜಿನ ಹಿಂದೆ ಮಲಗಿದ್ದ ಹಾವು, ಮತ್ತೆ ಅಶ್ವತ್ಥಕಟ್ಟೆ ಮೇಲಿನ ಕಲ್ಲಿನ ಹಾವು. ನನ್ನದು ಬಿಎಸ್ಸಿ, ಅದೂ ಗಣಿತ. ಇದನ್ನೆಲ್ಲ ಹೇಳಬೇಕು ಅಂತ ಬಾಯಿ ತೆಗೆಯೋಷ್ಟರಲ್ಲಿ ಅವನು ಒಂದು ಕಿತ್ತಳೆ ಬಣ್ಣದ ಕಾರ್ನ್ ಸ್ನೇಕನ್ನು ತಂದು ನನ್ನ ಎರಡೂ ಕೈ ಮೇಲೆ ಹಾಕಿದ. ವಿಷ ಇಲ್ಲ, ಸಾಧು, ಮೊದಲ ಸಲ ಹಾವು ಸಾಕುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ ಅಂತ ಆಮೇಲೆ ನಾನೇ ಎಷ್ಟೋ ಜನಕ್ಕೆ ಹೇಳಿದ್ದೇನೆ. ಆ ಹೊತ್ತಿಗೆ ನನಗೆ ಅದು ಗೊತ್ತಿರಲಿಲ್ಲ. ಕೈ ನಿಂತಿತು, ಕಾಲು ನಿಂತಿತು, ನಾಲಿಗೆ ನಿಂತಿತು. ಅವನು ನನ್ನ ಸುತ್ತ ಒಂದು ಸುತ್ತು ಬಂದು, ಹತ್ತಿರದಿಂದ ನೋಡಿ, ಮೀನಿನ ತೊಟ್ಟಿ ತೊಳೆಯುತ್ತಿದ್ದವಳನ್ನು ಕೂಗಿ ಕರೆದ.

“ನೋಡಿಲ್ಲಿ! ನಮ್ಮವರಾದರೆ ಕುಣಿದು ಕಿರುಚುತ್ತಾರೆ. ಇವಳು ಕಣ್ಣೂ ಮಿಟುಕಿಸಲಿಲ್ಲ. ಇವರಿಗೆ ರಕ್ತದಲ್ಲೇ ಇರುತ್ತೆ.”

ಕಣ್ಣು ಮಿಟುಕಿಸಬೇಕು ಅಂತ ನನಗೂ ತುಂಬಾ ಆಸೆ ಇತ್ತು. ರೆಪ್ಪೆ ಮಾತು ಕೇಳಲಿಲ್ಲ.

೨. ಮನೆಯಲ್ಲಿ ತಪಾಸಣೆ

ಅವತ್ತಿನಿಂದ ನಮ್ಮ ಯಜಮಾನರು ದಿನಾ ಸಂಜೆ ನನ್ನ ಬ್ಯಾಗು, ಸ್ವೆಟರಿನ ತೋಳು, ಟಿಫಿನ್ ಡಬ್ಬಿ ಎಲ್ಲ ನೋಡಿದ ಮೇಲೇ ಕಾಫಿಗೆ ಕೂರುತ್ತಿದ್ದರು. “ಯಾವುದೂ ಜೊತೇಲಿ ಬಂದಿಲ್ಲ ತಾನೇ?” ಅನ್ನೋದು ನಮ್ಮ ಮನೆಯಲ್ಲಿ ‘ಊಟ ಆಯ್ತಾ’ ಅನ್ನೋ ಹಾಗೆ ರೂಢಿಯಾಗಿಬಿಟ್ಟಿತು.

ಒಂದು ದಿನ ಪೇಪರ್ ಓದುತ್ತಾ ಕೂತಿದ್ದರು. ಅಡುಗೆಮನೆಯಿಂದ ‘ಬುಸ್ಸ್’ ಅಂತ ಶಬ್ದ. ನೋಡಿದರೆ ಇವರು ಸೋಫಾದ ಮೇಲೆ ನಿಂತಿದ್ದಾರೆ.

“ಕುಕ್ಕರು ಕಣ್ರೀ,” ಅಂದೆ.

“ಗೊತ್ತು,” ಅಂದರು, ಇಳಿಯದೆ. “ವಿಷಲ್ ಹಾಕಲಿ, ಆಮೇಲೆ ನಂಬ್ತೀನಿ.”

೩. ಎಚ್ಚರಿಕೆ, ಹಾವಿದೆ

ಒಬ್ಬ ಯುವಕ ಬಂದ. ಇಪ್ಪತ್ತೈದರ ಆಸುಪಾಸು, ಟೈ ಕಟ್ಟಿಕೊಂಡಿದ್ದ. ಮೊದಲನೇ ಹಾವು ಬೇಕು ಅಂದ. ಮಾಮೂಲಿ ಜನ ಕೇಳೋದು ಏನು ತಿನ್ನುತ್ತೆ, ಎಷ್ಟು ವರ್ಷ ಬದುಕುತ್ತೆ ಅಂತ. ಇವನು ಕೇಳಿದ್ದೇ ಬೇರೆ.

“ಕತ್ತಲಲ್ಲಿ ಎದ್ದು ಓಡಾಡುತ್ತಾ?”

“ಓಡಾಡುತ್ತೆ.”

“ಕಿಟಕಿ ಹೊರಗಿಂದ ನೋಡಿದರೆ ಕಾಣಿಸುತ್ತಾ? ಪರಿಚಯ ಇಲ್ಲದವರು ನೋಡಿದರೆ ಹೆದರುತ್ತಾರಾ? ಗ್ಯಾರಂಟಿ ಹೆದರುತ್ತಾರಾ?”

ಯಾರದೋ ಮನೆಗೆ ಬಿಡೋಕೆ ತಗೊಂಡು ಹೋಗುತ್ತಿದ್ದಾನೆ ಅನ್ನಿಸಿತು. ಮಾಲೀಕನಿಗೆ ಸನ್ನೆ ಮಾಡಿದೆ. ಅವನು ಆಗಲೇ ಬಾಗಿಲಿಗೆ ಅಡ್ಡ ನಿಂತು ಪೊರಕೆ ಕೈಗೆತ್ತಿಕೊಂಡಿದ್ದ. ಧೈರ್ಯ ಮಾಡಿ ಯಾಕೆ ಅಂತ ಕೇಳಿದೆ. ಪಾಪ, ಆ ಹುಡುಗನ ಕಣ್ಣಲ್ಲಿ ನೀರು. ಅವನ ಅಪಾರ್ಟ್‌ಮೆಂಟಿಗೆ ಮೇಲಿಂದ ಮೇಲೆ ಕಳ್ಳರು ನುಗ್ಗಿದ್ದಾರೆ. ಟೀವಿ ಹೋಯಿತು, ಸ್ಟೀರಿಯೋ ಹೋಯಿತು. ನಾಯಿ ಸಾಕೋಕೆ ಅಪಾರ್ಟ್‌ಮೆಂಟಿನವರು ಬಿಡುವುದಿಲ್ಲ, ಹಾವಿನ ಬಗ್ಗೆ ಅವರ ನಿಯಮದಲ್ಲಿ ಏನೂ ಇಲ್ಲ.

ನನಗೆ ಅಯ್ಯೋ ಅನ್ನಿಸಿತು. “ನೋಡಪ್ಪಾ, ಹಾವೇ ಯಾಕೆ? ಬಾಗಿಲಿಗೆ ‘ಎಚ್ಚರಿಕೆ, ಒಳಗೆ ಹಾವು ಬಿಟ್ಟಿದೆ’ ಅಂತ ಒಂದು ಬೋರ್ಡು ಹಾಕು, ಸಾಕು. ಅದಕ್ಕೆ ಇಲಿ ಹಾಕುವ ಖರ್ಚೂ ಇಲ್ಲ,” ಅಂದೆ. ಗಿರಾಕಿಯನ್ನು ಕೈಯಾರೆ ಕಳಿಸುತ್ತಿದ್ದೀಯಲ್ಲ ಅಂತ ಮಾಲೀಕ ನನ್ನನ್ನು ದುರುಗುಟ್ಟಿ ನೋಡಿದ. ಹುಡುಗ ಮಾತ್ರ ಖುಷಿಯಾಗಿ, ನಮ್ಮಲ್ಲೇ ಇದ್ದ ಹೆಬ್ಬಾವಿನ ಚಿತ್ರದ ಬೋರ್ಡೊಂದನ್ನು ತಗೊಂಡು ಹೋದ.

ಸ್ವಲ್ಪ ದಿನ ಬಿಟ್ಟು ವಾಪಸ್ ಬಂದ. ಮುಖ ಸಪ್ಪಗಿತ್ತು.

“ಏನಪ್ಪಾ, ಮತ್ತೆ ಒಳಗೆ ಬಂದರಾ?”

“ಇಲ್ಲ, ಒಳಗೆ ಬರಲಿಲ್ಲ,” ಅಂದ. “ಬೋರ್ಡು ಕದ್ದುಕೊಂಡು ಹೋದರು.”

೪. ನಾಗರ ಪಂಚಮಿ

ನಮ್ಮ ಕನ್ನಡದ ಹೆಂಗಸರಿಗೆ ನನ್ನ ಕೆಲಸ ಹೇಗೋ ಗೊತ್ತಾಗಿಹೋಗಿತ್ತು. ಪಂಚಮಿ ದಿನ ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ರೇಷ್ಮೆ ಸೀರೆ ಉಟ್ಟ ಒಂದು ಗುಂಪು ಒಳಗೆ ಬಂತು. ಮುಂದೆ ಬೆಂಗಳೂರಿನಿಂದ ಮಗನ ಮನೆಗೆ ಬಂದಿದ್ದ ಒಬ್ಬ ಅಜ್ಜಿ. ಕೈಯಲ್ಲಿ ಬೆಳ್ಳಿ ಲೋಟದ ತುಂಬ ಹಾಲು. ಒಬ್ಬರ ಪರ್ಸಿನಿಂದ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಅರಿಶಿನ ಹೊರಗೆ ಬಂದಿದ್ದೇ ತಡ, ಮಾಲೀಕ ಓಡಿಬಂದು ನನ್ನ ಕಿವಿಯಲ್ಲಿ, “ಆ ಪೌಡರು ಏನು?” ಅಂದ. ಅರಿಶಿನ, ಅಡುಗೆಗೆ ಹಾಕೋದು ಅಂದೆ. ನಂಬಲಿಲ್ಲ. ಹೋಗಿ ಹಕ್ಕಿ ಪಂಜರಗಳ ಹಿಂದೆ ನಿಂತುಕೊಂಡು ಅಲ್ಲಿಂದ ನೋಡತೊಡಗಿದ.

“ಹಾವು ಹಾಲು ಕುಡಿಯಲ್ಲ ಅಜ್ಜಿ,” ಅಂತ ಹೇಳಿ ನೋಡಿದೆ.

“ನೀನು ಮೊನ್ನೆ ಮೊನ್ನೆ ಇಲ್ಲಿಗೆ ಸೇರಿದವಳು, ಸುಮ್ನಿರಮ್ಮ. ಅದಿರಲಿ, ಹೆಡೆ ಇರೋದು ಯಾವುದು?”

ಇಲ್ಲಿ ನಾಗರಹಾವು ಮಾರೋದಿಲ್ಲ ಅಂದೆ. ಹೆಡೆ ಇಲ್ಲದ್ದಕ್ಕೆ ಪೂಜೆ ಸಲ್ಲುತ್ತಾ ಇಲ್ವಾ ಅಂತ ಅವರವರಲ್ಲೇ ದೊಡ್ಡ ಚರ್ಚೆ. ಕಾರ್ನ್ ಸ್ನೇಕ್ ಬಣ್ಣ ಸರಿಯಿಲ್ಲ ಅಂತಾಯಿತು. ಹೆಬ್ಬಾವು ಬೇಡವೇ ಬೇಡ ಅಂತಾಯಿತು. ಕೊನೆಗೆ ಮೂಲೆಯ ಗಾಜಿನ ಪೆಟ್ಟಿಗೆ ಹತ್ತಿರ ಹೋದರು. ಅದರಲ್ಲಿದ್ದದ್ದು ಹಾಗ್‌ನೋಸ್ ಅನ್ನೋ ಹಾವು, ಮೂತಿ ಹಂದಿಯ ಹಾಗೆ ಮೇಲಕ್ಕೆ ತಿರುಗಿರುತ್ತೆ. ಅಷ್ಟು ಜನರನ್ನು ಒಟ್ಟಿಗೆ ನೋಡಿ ಅದಕ್ಕೆ ಗಾಬರಿಯಾಯಿತು. ಗಾಬರಿಯಾದರೆ ಅದು ಕತ್ತನ್ನು ಚಪ್ಪಟೆಯಾಗಿ ಅಗಲಿಸಿ ಬುಸುಗುಟ್ಟುತ್ತೆ.

“ಹೆಡೆ ಎತ್ತಿದ! ನಮ್ಮಪ್ಪ ಹೆಡೆ ಎತ್ತಿದ!” ಅಂತ ಅಜ್ಜಿ ಕೈ ಮುಗಿದರು. ಎಲ್ಲರೂ ಬಗ್ಗಿ ನಮಸ್ಕಾರ ಮಾಡಿದರು. ಆ ಹಾವಿಗೆ ಇನ್ನೊಂದು ಅಭ್ಯಾಸ ಇದೆ, ಅದನ್ನು ಹೇಳೋಕೆ ನನಗೆ ಸಮಯ ಸಿಗಲಿಲ್ಲ. ಹೆದರಿಸಿದರೂ ಎದುರಿಗಿದ್ದವರು ಹೋಗದಿದ್ದರೆ ಸತ್ತ ಹಾಗೆ ನಟಿಸುತ್ತೆ. ಇವರು ತಲೆ ಎತ್ತಿ ನೋಡುವ ಹೊತ್ತಿಗೆ ಅಂಗಾತ ಬಿದ್ದು, ಬಾಯಿ ತೆರೆದು, ನಾಲಿಗೆ ಹೊರಗೆ ಹಾಕಿತ್ತು.

“ಅಯ್ಯೋ! ಪಂಚಮಿ ದಿನ ನಾಗಹತ್ಯೆ ಆಗಿಹೋಯ್ತಲ್ಲೇ!”

“ಇಲ್ಲ ಅಜ್ಜಿ, ಅದು ನಾಟಕ ಆಡ್ತಿದೆ,” ಅಂತ ಕೈ ಹಾಕಿ ಹಾವನ್ನು ಸರಿಯಾಗಿ ಮಗುಚಿಟ್ಟೆ. ಅದು ತಕ್ಷಣ ತಾನೇ ಹೊರಳಿ ಮತ್ತೆ ಅಂಗಾತ ಬಿತ್ತು, ‘ನಾನು ಸತ್ತಿದೀನಿ, ಗೊತ್ತಾಗಲ್ವಾ’ ಅನ್ನೋ ಹಾಗೆ. ಮಾಲೀಕ ಪಂಜರದ ಹಿಂದಿನಿಂದ ಹಾರಿಬಂದು, “ನನ್ನ ಹಾವಿಗೆ ಆ ಪೌಡರು ತಿನ್ನಿಸಿದಿರಾ?” ಅಂತ ಕೂಗಾಡಿದ.

ಹೆಂಗಸರು ಗಲ್ಲ ಗಲ್ಲ ಬಡಿದುಕೊಂಡು ಹೊರಟರು. ಬಾಗಿಲ ಹತ್ತಿರ ಅಜ್ಜಿ ಕೊನೇ ಸಲ ತಿರುಗಿ ನೋಡಿದರು. ಹಾವು ಮೆಲ್ಲಗೆ ತಲೆ ಎತ್ತಿ ಆ ಕಡೆ ಈ ಕಡೆ ನೋಡುತ್ತಿತ್ತು.

“ಪ್ರಾಣ ಬಂತು! ಬನ್ರೇ, ಬನ್ರೇ, ಪ್ರಾಣ ಬಂತು!”

ಎಲ್ಲರೂ ಓಡಿ ವಾಪಸ್ ಬಂದರು. ಅವರನ್ನು ನೋಡಿ ಅದು ಮತ್ತೆ ಸತ್ತಿತು.

೫. ಸ್ಯಾನ್ ರಮೋನ್ ಡಾಕ್ಟರು

ಇವರು ಮಂಗಳೂರಿನವರು, ದೂರದ ಸ್ಯಾನ್ ರಮೋನ್‌ನಲ್ಲಿ ಮನೆ, ನಮ್ಮ ಕಡೆಯ ಒಂದು ಆಸ್ಪತ್ರೆಯಲ್ಲಿ ಡಾಕ್ಟರು. ಅವರ ಹತ್ತು ವರ್ಷದ ಮಗಳು ಹಾವು ಬೇಕೇ ಬೇಕು ಅಂತ ಹಟ ಹಿಡಿದಿದ್ದಳು. ಅಂಗಡಿಯಲ್ಲಿ ಕನ್ನಡದವಳು ಇದ್ದಾಳೆ ಅಂತ ಕೇಳಿ ನಂಬಿಕೆಯಿಂದ ಬಂದಿದ್ದಾರಂತೆ. ಆ ನಂಬಿಕೆ ಹೇಗಿತ್ತು ಅಂದರೆ:

“ಇದಕ್ಕೆ ವಿಷ ಇಲ್ಲ ಅಂತ ನಿಮಗೆ ಹೇಗೆ ಗೊತ್ತು ಮಾರಾಯ್ರೆ?”

“ನನಗೇ ಕಚ್ಚಿದೆಯಲ್ಲ ಡಾಕ್ಟ್ರೇ.”

“ಯಾವಾಗ?”

“ಹೋದ ತಿಂಗಳು.”

ತಕ್ಷಣ ನನ್ನ ಮಣಿಕಟ್ಟು ಹಿಡಿದು ನಾಡಿ ನೋಡಿದರು. ಸಮಾಧಾನ ಆದ ಮೇಲೆ ಒಂದು ಕಾರ್ನ್ ಸ್ನೇಕ್ ಆರಿಸಿದರು. ಅದರ ಕತ್ತಿನ ಮೇಲೆ ಪುಟ್ಟ ಚಿಟ್ಟೆಯ ಹಾಗೆ ಒಂದು ಮಚ್ಚೆ ಇತ್ತು, ಮಗಳಿಗೆ ಅದೇ ಇಷ್ಟವಾಗಿದ್ದು. ಡಾಕ್ಟರ ಹೆಂಡತಿ ಉಡುಪಿಯವರು, ಅವತ್ತು ಕಾರಿನಿಂದ ಇಳಿಯಲೇ ಇಲ್ಲ. ಮನೆಯಲ್ಲಿ ಹಾವು ಇರಬಹುದು, ಆದರೆ ಅದು ಮಗಳ ರೂಮಿನಲ್ಲೇ ಇರಬೇಕು, ಇರುವುದು ಒಂದೇ ಇರಬೇಕು ಅನ್ನೋದು ಅವರ ಕರಾರು.

ಕೆಲವು ವಾರ ಕಳೆದ ಮೇಲೆ ಡಾಕ್ಟರು ಆಸ್ಪತ್ರೆಯಿಂದ ಸೀದಾ ಓಡಿಬಂದರು. “ಮುಚ್ಚಳ ಸರಿ ಹಾಕಲಿಲ್ಲ, ತಪ್ಪಿಸಿಕೊಂಡಿದೆ. ಮಗಳು ಕ್ಯಾಂಪಿಗೆ ಹೋಗಿದ್ದಾಳೆ, ಬರುವುದರ ಒಳಗೆ ಅಂಥದ್ದೇ ಒಂದು ಬೇಕು. ನನ್ನ ಹೆಂಡತಿಗೆ ಮಾತ್ರ ಹೇಳಬೇಡಿ, ಆಯ್ತಾ? ಹಾವು ಮನೆಯಲ್ಲಿ ಎಲ್ಲೋ ತಿರುಗ್ತಾ ಉಂಟು ಅಂತ ಗೊತ್ತಾದ್ರೆ ಅವಳು ಉಡುಪಿಗೆ ಹೋಗ್ತಾಳೆ.” ಹುಡುಕಿ ಅದೇ ಬಣ್ಣದ್ದು, ಅದೇ ಉದ್ದದ್ದು ಕೊಟ್ಟೆ.

ಮಾರನೇ ದಿನ ಅಂಗಡಿಗೆ ಫೋನು. ಪಿಸುದನಿ.

“ನಾನು ಡಾಕ್ಟ್ರ ಹೆಂಡತಿ. ಲಾಂಡ್ರಿ ಬುಟ್ಟಿಯಲ್ಲಿ ಹಾವು ಉಂಟು ಮಾರಾಯ್ತಿ! ಇಕ್ಕಳದಲ್ಲಿ ಹಿಡಿದು, ಕಣ್ಣು ಮುಚ್ಚಿಕೊಂಡು ಮಗಳ ರೂಮಿಗೆ ತಗೊಂಡು ಹೋದೆ. ಅಲ್ಲಿ ನೋಡಿದ್ರೆ ಹಾವು ಪೆಟ್ಟಿಗೆಯಲ್ಲೇ ಮಲಗಿದೆ! ಒಂದು ಇದ್ದದ್ದು ಎರಡು ಹೇಗೆ ಆಯ್ತು?”

ನಾನು ಡಾಕ್ಟರಿಗೆ ಮಾತು ಕೊಟ್ಟಿದ್ದೆನಲ್ಲ, ‘ಅಯ್ಯೋ, ಹೌದಾ’ ಅಂದೆ ಅಷ್ಟೇ.

“ನನಗೆ ಗೊತ್ತು,” ಅಂದರು ಅವರೇ. “ಇವರು ಕದ್ದು ಇನ್ನೊಂದು ತಂದಿದ್ದಾರೆ. ಲಾಂಡ್ರಿ ಬುಟ್ಟಿಯಲ್ಲಿ ಅಡಗಿಸಿಟ್ಟಿದ್ದಾರೆ. ಮದುವೆಯಾದ ಮೇಲೆ ಇವರು ಒಂದು ದಿನ ಆದ್ರೂ ಆ ಬುಟ್ಟಿ ಮುಟ್ಟಿದ್ರೆ ಅಲ್ವಾ, ಅದು ನನ್ನ ಕೈಗೇ ಸಿಗ್ತದೆ ಅಂತ ಗೊತ್ತಾಗೋದು!”

ಮಧ್ಯಾಹ್ನ ತಾವೇ ಕಾರು ಓಡಿಸಿಕೊಂಡು ಬಂದು ಆ ಹಾವನ್ನು ಸ್ಟೀಲ್ ಡಬ್ಬಿ ಸಮೇತ ಕೌಂಟರಿನ ಮೇಲಿಟ್ಟರು. “ಇದನ್ನು ವಾಪಸ್ ತಗೊಳ್ಳಿ. ಇವರಿಗೆ ಮಾತ್ರ ಹೇಳಬೇಡಿ. ಎಷ್ಟು ದಿನ ಹುಡುಕ್ತಾರೆ ನೋಡುವಾ.” ಹೀಗೆ ನಿಜವಾದ ಹಾವು ಅಂಗಡಿಗೆ ಬಂತು, ಬದಲಿ ಹಾವು ಮನೆಯಲ್ಲಿ ಉಳಿಯಿತು. ಇಬ್ಬರಿಗೂ ಮಾತು ಕೊಟ್ಟ ನಾನು ಮಧ್ಯದಲ್ಲಿ ಸಿಕ್ಕಿಬಿದ್ದೆ.

ಶನಿವಾರ ಅಪ್ಪ ಮಗಳು ಇಲಿ ತಗೊಂಡು ಹೋಗೋಕೆ ಬಂದರು. ಮಗಳ ಮುಖ ಗಂಟಿಕ್ಕಿತ್ತು. “ಆಂಟೀ, ಸಮ್‌ಥಿಂಗ್ ಈಸ್ ರಾಂಗ್. ದಟ್ಸ್ ನಾಟ್ ಮೈ ಸ್ನೇಕ್. ಚಿಟ್ಟೆ ಇಲ್ಲ,” ಅಂದಳು. ಡಾಕ್ಟರು ಪೊರೆ ಬಿಟ್ಟರೆ ಚಿಟ್ಟೆ ಹೋಗ್ತದೆ ಅಂತ ಏನೋ ಹೇಳುತ್ತಿದ್ದರು. ಅವಳು ಒಂದೊಂದೇ ಪೆಟ್ಟಿಗೆ ನೋಡುತ್ತಾ ಹೋದವಳು ಕಿರುಚಿದಳು.

“ಡ್ಯಾಡೀ! ದಟ್ಸ್ ಹರ್! ಚಿಟ್ಟೆ!”

ಡಾಕ್ಟರು ಗಾಜಿಗೆ ಮೂಗು ಒತ್ತಿ ನೋಡಿದರು. ಬೆವರು ಒರೆಸಿಕೊಂಡರು. ಮಗಳ ಮುಂದೆ ಎಲ್ಲ ಒಪ್ಪಿಕೊಳ್ಳಬೇಕಾಯಿತು. ಆಮೇಲೆ ನನ್ನ ಕಡೆ ತಿರುಗಿದರು.

“ಇದು ಇಲ್ಲಿಗೆ ಹೇಗೆ ಬಂತು? ಸಿಕ್ಸ್ ಏಯ್ಟಿ ಹೈವೇ ಹಿಡಿದು ಬಂತಾ?”

“ಯಾರೋ ತಂದುಕೊಟ್ಟರು.”

“ಯಾರು?”

“ಹೇಳೋ ಹಾಗಿಲ್ಲ ಡಾಕ್ಟ್ರೇ.”

ಸ್ವಲ್ಪ ಹೊತ್ತು ಯೋಚನೆ ಮಾಡಿ ತೊಡೆ ತಟ್ಟಿದರು. “ಪಕ್ಕದ ಮನೆಯವನೇ! ನನಗೆ ಮೊದಲಿಂದ ಡೌಟು ಉಂಟು. ಹಲೋ ಹೇಳುವಾಗ ಬೇಕಾದ್ದಕ್ಕಿಂತ ಜಾಸ್ತಿ ನಗ್ತಾನೆ.” ತಮ್ಮ ಹಾವನ್ನು ತಾವೇ ಇನ್ನೊಂದು ಸಲ ಕೊಂಡುಕೊಂಡು ಹೋದರು.

ಸೋಮವಾರ ಮತ್ತೆ ಪಿಸುದನಿ. “ನಾನು ಕೊಟ್ಟ ಹಾವು ಅಲ್ಲಿ ಉಂಟಾ?”

“ಇಲ್ಲ ಅಕ್ಕಾ.”

“ಹೇಗೆ ಇರ್ತದೆ? ಅದು ಇಲ್ಲಿಗೆ ಬಂದಿದೆ.” ಆಮೇಲೆ ದನಿಯೇ ಬೇರೆಯಾಗಿತ್ತು. “ಅಷ್ಟು ದೂರ ಬಿಟ್ಟು ಬಂದದ್ದು ವಾಪಸ್ ಮನೆಗೆ ಬಂದಿದೆ ಅಂದ್ರೆ ಅದು ಬರೇ ಹಾವು ಅಲ್ಲ. ಊರಿಗೆ ಫೋನ್ ಮಾಡಿದ್ದೇನೆ, ಅಣ್ಣ ನಾಗನ ಕಲ್ಲಿಗೆ ಪೂಜೆ ಕೊಡಿಸ್ತಾರೆ. ಇನ್ನು ಎರಡೂ ನಮ್ಮಲ್ಲೇ ಇರಲಿ.”

ಅದೇ ವಾರ ಡಾಕ್ಟರು ಬಂದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ನನ್ನ ಹೆಂಡತಿ ಆ ರೂಮಿಗೇ ಕಾಲಿಡ್ತಿರಲಿಲ್ಲ. ಈಗ ದಿನಾ ಸ್ನಾನ ಮಾಡಿ ಪೆಟ್ಟಿಗೆ ಮುಂದೆ ಕೈ ಮುಗಿದು ನಿಲ್ತಾಳೆ. ನೀವು ಅವಳಿಗೆ ಎಂತ ಹೇಳಿದ್ದು?”

“ದೇವರಾಣೆ ಏನೂ ಹೇಳಿಲ್ಲ,” ಅಂದೆ. ಅದಂತೂ ಅಪ್ಪಟ ನಿಜ.

ಅವರು ಹಿಂದೆ ಮುಂದೆ ನೋಡಿ, ಕೌಂಟರಿನ ಮೇಲೆ ಬಗ್ಗಿ, ದನಿ ತಗ್ಗಿಸಿದರು. “ಈಗ ದೊಡ್ಡ ಸಂಕಟ ಆಗಿದೆ. ಬೆಳಿಗ್ಗೆಯಿಂದ ಒಂದು ಕಾಣ್ತಾ ಇಲ್ಲ. ಅವಳು ಪೂಜೆಗೆ ಹೋಗುವುದರ ಒಳಗೆ... ಅಂಥದ್ದೇ ಇನ್ನೊಂದು ಉಂಟಾ?”

ನಾನು ಉತ್ತರ ಕೊಡುವ ಮೊದಲೇ ಫೋನು ಹೊಡೆದುಕೊಂಡಿತು. ಎತ್ತಿದೆ. ಆ ಕಡೆಯಿಂದ ಭಯಭಕ್ತಿಯ ಪಿಸುದನಿ:

“ಮಾರಾಯ್ತಿ, ಅಕ್ಕಿ ಡಬ್ಬದ ಹಿಂದೆ ಮೂರನೆಯವರು ಬಂದು ಕೂತಿದ್ದಾರೆ!”