ಬೈಂಡರ್ ತೀರಿಸಿದ ಋಣ

ಪ್ರೂಫ್ ರೀಡರ್ ಅಂದು ನಿದ್ದೆ ಹೆಚ್ಚಾಗಿ ಪ್ರೆಸ್ಸಿಗೆ ತಡವಾಗಿ ಬಂದ. ಬಾಗಿಲಲ್ಲೇ ಬೈಂಡರ್ ಅಡ್ಡಗಟ್ಟಿದ.

“ಹೆದರಬೇಡಿ ಅಣ್ಣಾ. ನೀವು ಹಲ್ಲು ಕೀಳಿಸ್ಕೊಳ್ಳೋಕೆ ಹೋಗಿದ್ದೀರಿ ಅಂತ ಮ್ಯಾನೇಜರಿಗೆ ಹೇಳಿದೀನಿ. ಆವತ್ತು ನಾನು ಸಿನಿಮಾಕ್ಕೆ ಹೋದಾಗ ನಮ್ಮತ್ತೆಗೆ ಜ್ವರ ಬರಿಸಿದ್ರಲ್ಲ, ಆ ಋಣ ಇಟ್ಕೊಳ್ಳೋದು ಬೇಡ ಅಂತ.”

ಹೀಗೆ ಋಣಮುಕ್ತನಾದ ಬೈಂಡರ್, ಸಾಕ್ಷಿಗೆಂದು ಅಂಟು ಮೆತ್ತಿದ ಕೈಯಿಂದಲೇ ಅವನ ದವಡೆಗೆ ಹತ್ತಿ ತುರುಕಿದ.

ಇಡೀ ಪ್ರೆಸ್ಸಿಗೆ ಕರುಣೆ ಉಕ್ಕಿತು. ಮೆಷಿನ್‌ಮನ್ ಉಪ್ಪುನೀರು ತಂದ. ಡಿಟಿಪಿ ಮಾಡುವ ಮೇಡಂ, ಹಲ್ಲು ಕೀಳಿಸಿಕೊಂಡ ಮೇಲೆ ತಮ್ಮ ಚಿಕ್ಕಪ್ಪ ಎಷ್ಟು ಬೇಗ ಹೋಗಿಬಿಟ್ಟರೆಂದು ವಿವರಿಸಿ ಧೈರ್ಯ ತುಂಬಿದರು. ಮಧ್ಯಾಹ್ನ ಅವನ ಊಟದ ಡಬ್ಬಿಯನ್ನು ಬೈಂಡರ್ ಖಾಲಿ ಮಾಡಿದ. “ನೀವು ಅಗಿಯೋ ಹಾಗಿಲ್ವಲ್ಲ ಅಣ್ಣಾ. ಸುಮ್ನೆ ಹಾಳಾಗ್ಬಾರ್ದು.”

ಸಂಜೆ ಮ್ಯಾನೇಜರ್ ಬಂದು ಅವನ ಕೆನ್ನೆ ಪರೀಕ್ಷಿಸಿದರು. “ಏನ್ರೀ, ಊದೇ ಇಲ್ಲ? ಯಾವನೋ ಅರೆಬರೆ ಕಿತ್ತಿರಬೇಕು. ನಡೀರಿ, ನಮ್ಮ ಭಾವಮೈದುನನ ಕ್ಲಿನಿಕ್ ಇಲ್ಲೇ ಇದೆ.”

“ನಿಮಗ್ಯಾಕೆ ತೊಂದರೆ ಸಾರ್.”

“ತೊಂದರೆ ಎಂಥದ್ದು. ನೀವು ನಮಗೆ ದುಡೀತೀರಿ, ನಾವು ನಿಮಗೆ ಇಷ್ಟೂ ಮಾಡದಿದ್ರೆ ಹೇಗೆ?”

ರಜೆ ಕೇಳಿದಾಗಲೆಲ್ಲ ಈ ನ್ಯಾಯ ಅವರಿಗೆ ಹೊಳೆದಿರಲಿಲ್ಲ.

ಡಾಕ್ಟರು ಬಾಯೊಳಗೆ ಬೆಳಕು ಬಿಟ್ಟು, “ಎಲ್ಲಾ ಹಲ್ಲೂ ಇದೆಯಲ್ಲ ಭಾವ” ಎಂದರು.

ಮ್ಯಾನೇಜರ್ ಹುಬ್ಬು ಗಂಟಿಕ್ಕಿದರು. ಕೆಲಸ ಹೋಗಬೇಕೋ ಹಲ್ಲು ಹೋಗಬೇಕೋ ಎಂದು ತೀರ್ಮಾನಿಸಲು ಪ್ರೂಫ್ ರೀಡರಿಗೆ ಹೆಚ್ಚು ಹೊತ್ತಿರಲಿಲ್ಲ. “ಬೆಳಗ್ಗೆ ಆ ಡಾಕ್ಟರು ಬರೀ ನೋಡಿ ಕಳಿಸಿಬಿಟ್ರು ಸಾರ್.”

“ನಮ್ಮ ಭಾವಮೈದುನ ಹಾಗೆ ಬಿಡೋನಲ್ಲ. ಯಾವ ಹಲ್ಲು, ತೋರಿಸಿ.”

ಅವನು ಕಣ್ಣು ಮುಚ್ಚಿ ಒಂದರ ಮೇಲೆ ಬೆರಳಿಟ್ಟ. ಕಲ್ಲಿನಂಥ ಹಲ್ಲು. ಮನೆ ಖಾಲಿ ಮಾಡಲೊಲ್ಲದ ಬಾಡಿಗೆದಾರನ ಹಾಗೆ ಜಗಳಾಡಿ ಜಗಳಾಡಿ ಕೊನೆಗೆ ಹೊರಬಂತು.

ಮರುದಿನ ಬೆಳಗ್ಗೆ ಬೈಂಡರ್ ಬರುವುದು ತಡವಾಯಿತು. ಎಲ್ಲಿ ಅವನು ಎಂದು ಮ್ಯಾನೇಜರ್ ವಿಚಾರಿಸಿದರು. ಊದಿದ ಕೆನ್ನೆಯಲ್ಲೂ ಪ್ರೂಫ್ ರೀಡರಿಗೆ ನಗು ಬಂತು.

“ಅವನಿಗೂ ಹಲ್ಲುನೋವು ಸಾರ್. ನಾಲ್ಕು ಕೀಳ್ಬೇಕಂತೆ. ನಿಮ್ಮ ಭಾವಮೈದುನರ ಹತ್ರಾನೇ ಕರ್ಕೊಂಡು ಹೋಗಿ.”

“ನಾಲ್ಕಾ? ಪಾಪ, ಅದನ್ನ ದೊಡ್ಡಾಸ್ಪತ್ರೇಲೇ ಕೀಳಿಸ್ಕೊಳ್ಳಲಿ. ಒಂದು ವಾರ ರಜೆ ಕೊಡ್ತೀನಿ. ನಿನ್ನೆ ನಿಮ್ಮ ಕಷ್ಟಕ್ಕೆ ಆದವನು ಅವನು. ಅವನ ಪುಸ್ತಕ ಹೊಲಿಯೋ ಕೆಲಸವನ್ನೆಲ್ಲ ನೀವೇ ನೋಡ್ಕೊಳ್ಳಿ.”

ಆಗಷ್ಟೇ ಬಾಗಿಲಿಗೆ ಬಂದಿದ್ದ ಬೈಂಡರ್ ಇದನ್ನೆಲ್ಲ ಕೇಳಿಸಿಕೊಂಡ. ಮೆಲ್ಲಗೆ ಕೆನ್ನೆ ಹಿಡಿದುಕೊಂಡು, ಪ್ರೂಫ್ ರೀಡರ್ ಕಡೆ ಕೃತಜ್ಞತೆಯಿಂದ ಒಮ್ಮೆ ನೋಡಿ, ಮನೆ ದಾರಿ ಹಿಡಿದ.