ದಿನಕ್ಕೊಬ್ಬ ಸರದಾರ

ನಮ್ಮ ಕಾಕಾನಷ್ಟು ವಿಧೇಯ ವಿದ್ಯಾರ್ಥಿ ಹುಮನಾಬಾದಿನ ಆ ಶಾಲೆಯಲ್ಲಿ ಹಿಂದೆಯೂ ಇರಲಿಲ್ಲ, ಮುಂದೆಯೂ ಬರಲಿಲ್ಲ. ಇದರಲ್ಲೇನು ವಿಶೇಷ ಅಂತೀರಾ? ಅವನು ಅಲ್ಲಿ ಮಾಸ್ತರನಾಗಿದ್ದ!

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಅದು ನಿಜಾಮರ ಕಾಲ. ಪಾಠವೆಲ್ಲ ಉರ್ದುವಿನಲ್ಲಿ, ಬೈಗುಳ ಮಾತ್ರ ಕನ್ನಡದಲ್ಲಿ. ಉಳಿದ ಮಾಸ್ತರರು ನಮ್ಮ ಬೆನ್ನ ಮೇಲೆ ಬೆತ್ತ ಮುರಿಯುತ್ತಿದ್ದ ಆ ದಿನಗಳಲ್ಲಿ ಕಾಕಾನ ತಲೆಯಲ್ಲಿ ಒಂದು ಹುಳ ಹೊಕ್ಕಿತ್ತು. ಹುಡುಗರು ಬರೀ ಹೂಂಗುಟ್ಟುವುದನ್ನು ಕಲಿತರೆ ಸಾಲದಂತೆ, ನಾಲ್ಕು ಮಂದಿಯನ್ನು ಮುನ್ನಡೆಸುವುದನ್ನೂ ಕಲಿಯಬೇಕಂತೆ! ಅದಕ್ಕೆ ಹಾಜರಿ ಬುಕ್ಕಿನ ಹೆಸರುಗಳ ಪ್ರಕಾರ ದಿನಕ್ಕೊಬ್ಬ ಹುಡುಗ ಸರದಾರ. ಅವನು ಮಾಸ್ತರನ ಕುರ್ಚಿಯಲ್ಲಿ ಕೂಡಬೇಕು. ಮಾಸ್ತರ ನಮ್ಮ ಜೊತೆ ಗೋಣಿತಟ್ಟಿನ ಮೇಲೆ. ಸರದಾರ ದಿನಕ್ಕೆ ಒಂದೇ ಹುಕುಂ ಕೊಡಬಹುದು. ಅದನ್ನು ಇಡೀ ವರ್ಗ ಪಾಲಿಸಬೇಕು, ಎಲ್ಲರಿಗಿಂತ ಮೊದಲು ಕಾಕಾ.

ಟಾಂಗಾ ಹೊಡೆಯುವವನ ಮಗ ಕರೀಮನ ಪಾಳಿ ಬಂದಾಗ ಅವನು ಹಿಂದೆ ಮುಂದೆ ನೋಡಲಿಲ್ಲ. "ಇವತ್ತ ಎಲ್ಲಾರೂ ನಮ್ಮ ಕುದ್ರಿ ತೊಳೀಬೇಕ್!" ಅಂದ. ತೊಳೆದೆವು! ಕಾಕಾನ ಪಾಲಿಗೆ ಬಾಲ ಬಂದಿತ್ತು. ಕುದುರೆಗೆ ಅವನ ವಿದ್ಯೆಯ ಬಗ್ಗೆ ಗೌರವ ಇರಲಿಲ್ಲವೆಂದು ಕಾಣುತ್ತದೆ, ಒಂದು ಒದೆ ಕೊಟ್ಟಿತು. ಕುಂಟುತ್ತ ಎದ್ದ ಕಾಕಾ ಕೇಳಿದ:

"ಕರೀಮ್, ನೀ ಯಾಕ ತೊಳೀಲಿಲ್ಲಪಾ?"

"ಸರದಾರ ತೊಳೀತಾನೇನ್ರಿ ಮಾಸ್ತರ?"

"ನಾಳೆ ಗೊತ್ತಾಗ್ತದ, ಬಿಡು."

ಮರುದಿನ ಕರೀಮನ ಜೊತೆ ಒಬ್ಬನೂ ಗೋಲಿ ಆಡಲಿಲ್ಲ. ಮುಂದಿನ ಪಾಳಿಯಲ್ಲಿ ಅವನು ಅಂಗಳ ಕಸ ಹೊಡೆಯುವ ಹುಕುಂ ಕೊಟ್ಟು, ಕಸಬರಿಗೆಯನ್ನು ಮೊದಲು ತಾನೇ ಹಿಡಿದ.

ಶಾಲೆ ತಪಾಸಣೆಗೆ ಸಾಹೇಬರು ಬಂದರಲ್ಲ, ಅವತ್ತು ಕುರ್ಚಿಯಲ್ಲಿದ್ದದ್ದು ಯಾರು? ನಾನೇ! ಸಾಹೇಬರು ಬಾಗಿಲಲ್ಲಿ ನಿಂತು "ಉಸ್ತಾದ್ ಕಹಾಂ ಹೈ?" ಎಂದು ಗುಡುಗಿದರು. ನಾನು ಹಿಂದಿನ ಸಾಲಿಗೆ ಬೆರಳು ತೋರಿಸಿದೆ. ಕಾಕಾ ಅಲ್ಲಿಂದ ಕೈ ಎತ್ತಿದ. "ಎದ್ದು ನಿಂದರಲೇನ್ರಿ, ಸರದಾರ್ರಿ?" ಹೆದರಿಕೆಯಲ್ಲಿ ನನ್ನ ಬಾಯಿಂದ ಬಂದದ್ದು, "ಬ್ಯಾಡ, ಕೂಡು!" ಪುಣ್ಯಾತ್ಮ ಕೂತೇಬಿಟ್ಟ! ಅವನ ಬಡ್ತಿಯೂ ಅವತ್ತೇ ಕೂತಿತು. ಮನೆಗೆ ಬಂದು ಮಾತ್ರ, "ನಮ್ಮ ಹುಡುಗ ಸಾಹೇಬ್ರ ಎದುರು ಅಂಜಲಿಲ್ಲ ನೋಡ್ರಿ!" ಎಂದು ಓಣಿಗೆಲ್ಲ ಹೇಳಿಕೊಂಡು ಬಂದ. ನನ್ನ ಚಡ್ಡಿಯ ವಿಷಯ ಅವನಿಗೆ ಗೊತ್ತಿರಲಿಲ್ಲ.

ನಗಿ, ಪರವಾಗಿಲ್ಲ. ಆದರೆ ಆ ವರ್ಗದಲ್ಲಿ ಪಾಳಿಯೇ ಇಲ್ಲದ ಜೀವ ಒಂದಿತ್ತು. ಕಾಕಾನ ಮಗಳು ನೀಲಾ. ಕಾಕಿ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಮನೆಯಲ್ಲಿ ಅಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ. ಹಾಗಾಗಿ ಕಾಕಾ ಆ ಗಂಡು ಹುಡುಗರ ಶಾಲೆಗೆ ಮಗಳನ್ನು ಕೈಹಿಡಿದು ಕರೆತಂದು ಮೂಲೆಯಲ್ಲಿ ಕೂಡಿಸುತ್ತಿದ್ದ. ನಮಗೆ ಬಾರದ ಲೆಕ್ಕ ಅವಳಿಗೆ ಬರುತ್ತಿತ್ತು. ಇಬ್ಬರು ಜಗಳಾಡಿದರೆ ಬಿಡಿಸುವವಳು ಅವಳೇ.

"ಅಪ್ಪಾ, ನನ್ನ ಪಾಳಿ ಯಾವಾಗ?" ಎಂದು ವಾರಕ್ಕೊಮ್ಮೆ ಕೇಳುತ್ತಿದ್ದಳು.

"ಹಾಜರಿ ಬುಕ್ಕಿನ್ಯಾಗ ನಿನ್ನ ಹೆಸರ ಇಲ್ಲವ್ವಾ. ಕಾಯ್ದಾ ಅಂದ್ರ ಕಾಯ್ದಾ."

ಎಂಥಾ ಕಾಯ್ದೆ! ಸಾಹೇಬರಿಗೇ ಸೊಪ್ಪು ಹಾಕದವನು ಹಾಜರಿ ಬುಕ್ಕಿಗೆ ಹೆದರುತ್ತಿದ್ದ. ಅವಳು ಮತ್ತೆ ಮೂಲೆಗೆ ಹೋಗಿ ಕೂಡುತ್ತಿದ್ದಳು. ನೆನೆದರೆ ಇವತ್ತಿಗೂ ನನಗೆ ಕಾಕಾನ ಮೇಲೆ ಸಿಟ್ಟು ಬರುತ್ತದೆ.

ನೀಲಾಗೆ ಹನ್ನೊಂದು ತುಂಬುತ್ತಲೇ ಅಜ್ಜಿ ಮದುವೆ ಗೊತ್ತುಮಾಡಿದಳು. ಕಲ್ಯಾಣಿಯ ಅರಿವೆ ಅಂಗಡಿಯವರ ಮನೆತನ. ಈಗ ಬಸವಕಲ್ಯಾಣ ಅನ್ನುತ್ತಾರಲ್ಲ, ಅದೇ ಊರು. "ಇನ್ನೊಂದ್ ನಾಕ ವರ್ಷ ತಡೀಬೇಕಿತ್ತವ್ವಾ" ಎಂದು ಕಾಕಾ ತೊದಲಿದ. "ತಾಯಿಲ್ಲದ ಕೂಸು. ನಾ ಸತ್ತ ಮ್ಯಾಲ ಯಾರ್ ನೋಡ್ತಾರ?" ಎಂದಳು ಅಜ್ಜಿ. ಅಷ್ಟೇ. ಊರ ಹುಡುಗರಿಗೆಲ್ಲ ಎದೆ ಸೆಟೆಸಿ ಮಾತಾಡಲು ಕಲಿಸಿದವನು ಅವ್ವನ ಎದುರು ತಲೆ ಬಗ್ಗಿಸಿ ಎದ್ದುಹೋದ. ಮದುವೆಯೂ ಆಯಿತು.

ಕಳಿಸಿಕೊಡುವ ದಿನ ಬೀಗರ ಬಂಡಿ ಬಾಗಿಲಿಗೆ ಬಂದರೆ ಕಾಕಾ ಮನೆಯಲ್ಲೇ ಇಲ್ಲ! ರಜೆ ಹಾಕದೆ, ಯಾರಿಗೂ ಹೇಳದೆ ಶಾಲೆಗೆ ಬಂದು ತಟ್ಟಿನ ಮೇಲೆ ಕೂತಿದ್ದ. ಅವತ್ತು ಪಾಳಿ ನನ್ನದು. ಕುರ್ಚಿಯಲ್ಲಿದ್ದ ನನಗೆ ಅವನ ಮುಖ ನೋಡುವುದಕ್ಕೇ ಆಗುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಬಂಡಿ ಶಾಲೆಯ ಮುಂದೆಯೇ ಬಂದು ನಿಂತಿತು. ನೀಲಾ ಇಳಿದು, ಕಾಲಿಗೆ ತೊಡರುವ ಸೀರೆಯನ್ನು ಎರಡೂ ಕೈಯಿಂದ ಎತ್ತಿ ಹಿಡಿದು ಒಳಗೆ ಬಂದಳು.

"ಹೋಗ್ಬರ್ತೀನಪ್ಪಾ."

ಕಾಕಾ ತಲೆ ಎತ್ತಲಿಲ್ಲ. ನನಗೆ ಏನು ತೋಚಿತೋ, ಕುರ್ಚಿಯಿಂದ ಇಳಿದುಬಿಟ್ಟೆ. "ನನ್ನ ಪಾಳಿ ನೀಲಾಗ ಕೊಟ್ಟೀನಿ ಮಾಸ್ತರ," ಅಂದೆ.

ಕಾಕಾ ನನ್ನನ್ನು ನೋಡಿದ, ಅವಳನ್ನು ನೋಡಿದ. ಎದ್ದು ಹೋಗಿ ಹಾಜರಿ ಬುಕ್ಕು ತೆರೆದು, ಎಲ್ಲ ಹೆಸರುಗಳ ಕೆಳಗೆ ನೀಲಾ ಎಂದು ಬರೆದು ಹಾಜರಿ ಹಾಕಿದ. ಅವಳು ಕುರ್ಚಿ ಹತ್ತಿ ಕೂತಳು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಕಾಕಾ ತಟ್ಟಿನ ಮೇಲೆ ಕೂತು ಕೈಕಟ್ಟಿದ.

"ಹುಕುಂ ಕೊಡ್ರಿ, ಸರದಾರ್ರಿ."

"ನನ್ನ ಕಳಸಬ್ಯಾಡಪ್ಪಾ."

ಹೊರಗೆ ಬೀಗರು "ಹೊತ್ತಾಗಾಕತ್ತದ್ರಿ ಮಾಸ್ತರ, ಬಿಸಲ ಏರ್ತದ" ಎಂದು ಕೂಗಿದರು. ಕಾಕಾ ಬಾಗಿಲ ಕಡೆ ನೋಡಿದ. ಏಳಲು ಹೋಗಿ ಮತ್ತೆ ಕೂತ.

"ಹುಕುಂ ಬದಲ್ ಮಾಡವ್ವಾ," ಅಂದ. "ಇದು ನನ್ನ ಕೈಲೆ ಆಗಂಗಿಲ್ಲ."

ನೀಲಾ ಕುರ್ಚಿಯಿಂದ ಇಳಿದು, ಅವನ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತಳು.

"ಹಂಗಾದ್ರ ಅಳಬ್ಯಾಡ."

ಆ ಹುಕುಮನ್ನೂ ನಮ್ಮ ಕಾಕಾ ಪಾಲಿಸಲಿಲ್ಲ.